ಸುರಪುರದ ಬಾತ್ಮೀದಾರ

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳ ನಡುವೆ ಮೊದಲು ಸೈಕಲ್ಲಿನ ಮೇಲೂ ಅನಂತರ ಬಸ್ಸಿನಲ್ಲಿಯೂ ಓಡಾಡುತ್ತ, ದಿನಪತ್ರಿಕೆಯೊಂದಕ್ಕೆ ಸುದ್ದಿ ಕಳುಹಿಸುವುದರಲ್ಲಿ ನನ್ನ ಆಯುಷ್ಯದ ಮೂವತ್ತು ವರ್ಷಗಳು ಕಳೆದವು. ನಾನು ಈ ಸೀಮೆಯವನಲ್ಲ. ಘಟ್ಟದ ಕೆಳಗಿನ ಮಳೆಯ ನಾಡಿನಲ್ಲಿ ಹುಟ್ಟಿ ಹೊಟ್ಟೆಯ ಪಾಡಿಗಾಗಿ ಈ ಎರೆನೆಲಕ್ಕೆ ಬಂದವನು. ಬಂದ ಮೊದಲನೆಯ ಬೇಸಗೆಯಲ್ಲಿಯೇ ಹಿಂದಿರುಗಿ ಹೋಗಬೇಕೆಂದು ಗಂಟುಮೂಟೆ ಕಟ್ಟಿದವನು. ಹೋಗಲಿಲ್ಲ. ಏಕೆ ಹೋಗಲಿಲ್ಲವೆಂಬುದಕ್ಕೆ ಇಂದಿಗೂ ನನ್ನಲ್ಲಿ ನೆಟ್ಟನೆಯ ಉತ್ತರವಿಲ್ಲ. ಕಾಲುವೆಯ ನೀರು, ಜೋಳದ ಧಾರಣೆ, ಜಾತ್ರೆಯ ತೇರು, ಬರಗಾಲದ ಗಂಜಿಕೇಂದ್ರ ಎಂದು ನಾನು ಬರೆದದ್ದೆಲ್ಲ ನಮ್ಮ ಬಾತ್ಮೀದಾರರಿಂದ ಎಂಬ ಎರಡು ಪದಗಳ ಕೆಳಗೆ ಅಚ್ಚಾಯಿತು. ನನ್ನ ಹೆಸರು ಒಂದು ದಿನವೂ ಅಚ್ಚಾಗಲಿಲ್ಲ. ಆಗಬೇಕೆಂದು ನಾನು ಬಯಸಲೂ ಇಲ್ಲ. ಊರಿನವರಿಗೆ ಯಾರು ಬರೆದರೆಂಬುದು ಹೇಗೂ ಗೊತ್ತಿರುತ್ತಿತ್ತು.

ಹೀಗೆ ಹೆಸರಿಲ್ಲದೆ ಬರೆದವರ ಸಂತತಿಯಲ್ಲಿ, ನನಗಿಂತ ಒಂದೂವರೆ ಶತಮಾನದಷ್ಟು ಹಿಂದೆ, ಇದೇ ಕೃಷ್ಣೆಯ ಆಚೆಯ ದಂಡೆಯಲ್ಲಿ ಒಬ್ಬ ಹಿರಿಯನಿದ್ದನೆಂದು ತಿಳಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಅವನೇ ಫಿಲಿಪ್ ಮೆಡೋಸ್ ಟೇಲರ್. ವಾಚಕರಲ್ಲಿ ಹಲವರಿಗೆ ಅವನು ಠಕ್ಕರ ಕಥೆಯನ್ನು ಬರೆದ ಆಂಗ್ಲ ಕಾದಂಬರಿಕಾರನೆಂದು ಪರಿಚಿತನು. ಸುರಪುರದವರಿಗೆ ಗುಡ್ಡದ ಮೇಲೆ ಮಂಜಿಲ್ ಕಟ್ಟಿಸಿದ ಸಾಹೇಬನೆಂದು ಪರಿಚಿತನು. ಆದರೆ ೧೮೪೦ರಿಂದ ೧೮೫೩ರವರೆಗೆ ಅವನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಭಾರತದ ಬಾತ್ಮೀದಾರನಾಗಿದ್ದನೆಂಬುದನ್ನೂ, ಆ ಹದಿಮೂರು ವರ್ಷಗಳಲ್ಲಿ ಬಹುಭಾಗವನ್ನು ಅವನು ಕಳೆದದ್ದು ಸುರಪುರದ ಬಂಡೆಗಳ ನಡುವೆ ಎಂಬುದನ್ನೂ ಬಲ್ಲವರು ವಿರಳ. ಆ ಕಾಲದ ಟೈಮ್ಸ್ ತನ್ನ ಬಾತ್ಮೀದಾರರ ಹೆಸರನ್ನು ಅಚ್ಚುಹಾಕುತ್ತಿರಲಿಲ್ಲ. ಜಗತ್ತಿನಲ್ಲಿಯೇ ಪ್ರಬಲವೆನಿಸಿದ್ದ ಪತ್ರಿಕೆಯೊಂದರ ಓದುಗರು ದಖ್ಖಣದಿಂದ ಹೋದ ಕಾಗದಗಳನ್ನು ಓದಿದರು, ಬರೆದವನಾರೆಂದು ಕೇಳಲಿಲ್ಲ.

ಹೆಸರಿನ ಮಾತು ಬಂದುದರಿಂದ ಮಸ್ಕಿಯನ್ನು ನೆನೆಯದೆ ಮುಂದೆ ಹೋಗಲಾರೆ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ಶಾಸನಗಳಲ್ಲಿ ಮಾತಾಡುತ್ತಿದ್ದ ದೊರೆಯು ಅಶೋಕನೇ ಎಂಬುದಕ್ಕೆ ಅಕ್ಷರಶಃ ಸಾಕ್ಷಿ ದೊರೆತದ್ದು ೧೯೧೫ರಲ್ಲಿ, ಚಿನ್ನದ ಗಣಿಯ ಎಂಜಿನಿಯರನಾಗಿದ್ದ ಬೀಡನ್ ಎಂಬವನು ನಮ್ಮ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲಿನ ಬರಹವನ್ನು ಕಂಡಾಗ. ಇಡೀ ದೇಶದ ಬಂಡೆಗಳು ಬಿರುದನ್ನಷ್ಟೇ ಹೇಳುತ್ತಿದ್ದ ಕಾಲದಲ್ಲಿ ನಮ್ಮೂರ ಬಂಡೆ ಹೆಸರನ್ನು ಹೇಳಿತು. ಹಳೆಯ ಕಲ್ಲುಗಳನ್ನು ಹುಡುಕುತ್ತ ಈ ಸೀಮೆಯಲ್ಲಿ ಅಲೆದ ಟೇಲರನಿಗೆ ಈ ಸಂತೋಷ ದೊರೆಯಲಿಲ್ಲ. ಅಷ್ಟು ಹೊತ್ತಿಗೆ ಅವನು ಸತ್ತು ಮೂವತ್ತೊಂಬತ್ತು ವರ್ಷಗಳಾಗಿದ್ದವು.

ಟೇಲರನು ೧೮೦೮ರ ಸೆಪ್ಟೆಂಬರ್ ೨೫ರಂದು ಲಿವರ್‌ಪೂಲಿನಲ್ಲಿ ಜನಿಸಿದನು. ತಂದೆ ವ್ಯಾಪಾರಿ. ವ್ಯಾಪಾರ ಮುರಿದುಬಿತ್ತು. ಮುಂಬಯಿಯಲ್ಲಿ ಬ್ಯಾಕ್ಸ್ಟರ್ ಎಂಬವನ ವರ್ತಕಸಂಸ್ಥೆಯೊಂದಿದೆ, ಅಲ್ಲಿಗೆ ಹೋದರೆ ಹುಡುಗನು ಕಾಲಕ್ರಮದಲ್ಲಿ ಪಾಲುದಾರನಾಗುವನು ಎಂಬ ಮಾತನ್ನು ನಂಬಿ ಹದಿನೈದು ವರ್ಷದ ಮಗನನ್ನು ೧೮೨೪ರಲ್ಲಿ ಹಡಗು ಹತ್ತಿಸಿದರು. ಇಳಿದ ಮೇಲೆ ನೋಡಿದರೆ ಆ ಸಂಸ್ಥೆಯೇ ಸಾಲದಲ್ಲಿ ಮುಳುಗಿತ್ತು. ತಾಯಿಯ ಕಡೆಯ ಬಂಧುವೊಬ್ಬರು ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದುದು ದೈವವಶಾತ್ ಅನುಕೂಲವಾಯಿತು. ಅವರ ಪ್ರಯತ್ನದಿಂದ ಆ ವರ್ಷದ ಕೊನೆಯಲ್ಲಿಯೇ ಹುಡುಗನಿಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಕೆಲಸ ದೊರೆಯಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕಂಪನಿಯ ನೇರ ನೌಕರರಿಗೆ ಇದ್ದ ಮಾನ, ಬಡ್ತಿ, ಪಿಂಚಣಿಯ ಭದ್ರತೆ ಇವೊಂದೂ ನಿಜಾಮನ ಸೇವೆಯಲ್ಲಿದ್ದ ಆಂಗ್ಲನಿಗೆ ಇರಲಿಲ್ಲ. ಸ್ವಜನರ ದೃಷ್ಟಿಯಲ್ಲಿ ಅವನು ಎರಡನೆಯ ಪಂಕ್ತಿಯವನು. ಟೇಲರನು ಮದುವೆಯಾದ ಮೇರಿಯು ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಈ ದೇಶದ ಹೆಣ್ಣುಮಗಳು. ಹೀಗೆ ಉದ್ಯೋಗದಿಂದಲೂ ಸಂಬಂಧದಿಂದಲೂ ಅವನು ಆಳುವವರ ಅಂಗಳದಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತವನಾಗಿದ್ದನು. ಒಳ್ಳೆಯ ಬಾತ್ಮೀದಾರನಿಗೆ ಇದಕ್ಕಿಂತ ತಕ್ಕ ಸ್ಥಳ ಮತ್ತೊಂದಿಲ್ಲವೆಂದು ನಾನು ಅನುಭವದಿಂದ ಬಲ್ಲೆ. ಪೂರ್ತಿ ಹೊರಗಿನವನಿಗೆ ಸುದ್ದಿ ದೊರೆಯುವುದಿಲ್ಲ. ಪೂರ್ತಿ ಒಳಗಿನವನಿಗೆ ಅದು ಸುದ್ದಿಯೆಂದೇ ತೋರುವುದಿಲ್ಲ.

ಅವನು ಹಿಂದುಸ್ತಾನಿಯನ್ನೂ ಮರಾಠಿಯನ್ನೂ ಕಲಿತನು, ಪಾರಸಿಯನ್ನು ಓದಿದನು. ತುಳಜಾಪುರದ ಕಡೆ ಪೋಲೀಸು ಅಧಿಕಾರಿಯಾಗಿದ್ದಾಗ ದಾರಿಹೋಕರು ಗುರುತಿಲ್ಲದಂತೆ ಕಾಣೆಯಾಗುತ್ತಿದ್ದ ಸಂಗತಿ ಅವನ ಗಮನಕ್ಕೆ ಬಂದಿತು. ೧೮೨೯ರ ಸುಮಾರಿಗೆ ಅವನು ಅದರ ಬೆನ್ನುಹತ್ತುವಷ್ಟರಲ್ಲಿ ಮೇಲಿನಿಂದ ಆಜ್ಞೆ ಬಂದು ಸೈನ್ಯಕ್ಕೆ ಹಿಂದಿರುಗಬೇಕಾಯಿತು. ಠಕ್ಕರ ಜಾಲವನ್ನು ಹೊರಗೆಡಹಿದ ಕೀರ್ತಿ ಸ್ಲೀಮನ್ನನಿಗೆ ಸಂದಿತು. ಕೈಗೆ ಬಂದ ಸುದ್ದಿ ಜಾರಿಹೋದ ಆ ಸಂಕಟವನ್ನು ಟೇಲರನು ಮರೆಯಲಿಲ್ಲ. ಮುಂದೆ ಹೈದರಾಬಾದಿನಲ್ಲಿ ಮಾಫಿ ಸಾಕ್ಷಿಗಳಾದ ಠಕ್ಕರ ಬಾಯಿಂದಲೇ ಕೇಳಿದ ವೃತ್ತಾಂತಗಳನ್ನು ಹೆಣೆದು ಅವನು ಬರೆದ ಕನ್ಫೆಷನ್ಸ್ ಆಫ್ ಎ ಥಗ್ ಎಂಬ ಕಾದಂಬರಿ ೧೮೩೯ರಲ್ಲಿ, ಅವನು ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದಾಗ, ಪ್ರಕಟವಾಯಿತು. ಹೊಸದಾಗಿ ಪಟ್ಟವೇರಿದ್ದ ವಿಕ್ಟೋರಿಯಾ ರಾಣಿ ಕೂಡ ಅದನ್ನು ಆತುರದಿಂದ ತರಿಸಿ ಓದಿದಳೆಂದು ಪ್ರತೀತಿ. ಮರುವರ್ಷ ಟೀಪೂ ಸುಲ್ತಾನನ ಮೇಲಿನ ಕಾದಂಬರಿ ಬಂದಿತು. ಲೇಖನಿಗೆ ಹೆಸರು ಬಂದ ಆ ಗಳಿಗೆಯಲ್ಲಿಯೇ ಟೈಮ್ಸ್ ಪತ್ರಿಕೆಯ ಬಾತ್ಮೀದಾರಿಕೆಯೂ ಬಂದಿತು. ಇಂಗ್ಲೆಂಡಿನಲ್ಲಿಯೇ ಉಳಿದು ಗ್ರಂಥಕರ್ತನಾಗಿ ಬಾಳಬಹುದಾಗಿದ್ದವನು ೧೮೪೧ರಲ್ಲಿ ಮತ್ತೆ ಹೈದರಾಬಾದಿನ ಕೆಲಸಕ್ಕೆ ಹಿಂದಿರುಗಿದನು.

ಸುರಪುರವು ಅವನ ಪಾಲಿಗೆ ಬಂದದ್ದು ಹೀಗೆ. ಬೇಡ ನಾಯಕರ ಈ ಸಂಸ್ಥಾನ ಸಾಮಾನ್ಯವಾದುದಲ್ಲ. ಔರಂಗಜೇಬನು ತನ್ನ ಮುಪ್ಪಿನಲ್ಲಿ, ೧೭೦೫ರಲ್ಲಿ, ಸ್ವತಃ ಬಂದು ಮುತ್ತಿಗೆ ಹಾಕಿದ ವಾಗಿನಗೇರಿ ಇವರದು. ಕೋಟೆ ಮೊಗಲರಿಗೆ ದಕ್ಕಿತಾದರೂ ನಾಯಕನು ದಕ್ಕಲಿಲ್ಲ. ಅಂಥ ಮನೆತನದಲ್ಲಿ ೧೮೪೧ರ ಹೊತ್ತಿಗೆ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಿದ್ದನು. ಮಗ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಬಾಲಕ. ಬಾಲಕನ ಪರವಾಗಿ ಆಳುವವರು ಯಾರು, ವಿಧವೆ ರಾಣಿ ಈಶ್ವರಮ್ಮನೋ, ರಾಜನ ತಮ್ಮ ಪಿಡ್ಡ ನಾಯಕನೋ ಎಂಬ ಕಲಹ ಹೊತ್ತಿಕೊಂಡಿತ್ತು. ನಿಜಾಮನಿಗೆ ಸಲ್ಲಬೇಕಾದ ಕಾಣಿಕೆ ಬಾಕಿಯಾಗಿ ಸಾಲ ಬೆಳೆದಿತ್ತು. ಇದನ್ನು ಸರಿಪಡಿಸಲು ಹೈದರಾಬಾದಿನ ರೆಸಿಡೆಂಟನು ಟೇಲರನನ್ನು ಕಳುಹಿಸಿದನು.

ಈಶ್ವರಮ್ಮನ ವಿಷಯವಾಗಿ ಟೇಲರನು ತನ್ನ ಆತ್ಮಕಥೆಯಲ್ಲಿ ಬರೆದಿರುವುದು ಕಠಿಣವಾಗಿದೆ. ಹಟಮಾರಿ, ಕುಟಿಲೆ, ದುರ್ವೆಚ್ಚದವಳು ಎಂಬ ಚಿತ್ರವೇ ಮನಸ್ಸಿನಲ್ಲಿ ನಿಲ್ಲುತ್ತದೆ. ಅದನ್ನು ಓದುವಾಗಲೆಲ್ಲ ನನಗೆ ಅನ್ನಿಸುವುದುಂಟು: ಈ ಸುದ್ದಿಯ ಎರಡನೆಯ ಪಕ್ಷವನ್ನು ಕೇಳಿಬಂದವರಾರು? ಗಂಡನನ್ನು ಕಳೆದುಕೊಂಡ ಹೆಂಗಸು, ಸಣ್ಣ ಮಗ, ಸುತ್ತ ಹನ್ನೆರಡು ಬಗೆಯ ಹಕ್ಕುದಾರರು, ಮೇಲೆ ನಿಜಾಮ, ಅವನ ಮೇಲೆ ಕಂಪನಿ. ಅಧಿಕಾರವನ್ನು ಬಿಟ್ಟುಕೊಡದ ಗಂಡಸನ್ನು ಧೀರನೆನ್ನುವ ಇತಿಹಾಸ ಹೆಂಗಸನ್ನು ಹಟಮಾರಿ ಎನ್ನುತ್ತದೆ. ಆಕೆ ಕಾಗದ ಬರೆಯಲು ಲಂಡನ್ನಿನಲ್ಲಿ ಪತ್ರಿಕೆ ಇರಲಿಲ್ಲ. ಆದರೂ ಟೇಲರನ ಹೆಗ್ಗಳಿಕೆಯೊಂದನ್ನು ಒಪ್ಪಲೇಬೇಕು. ಅವನು ಸುರಪುರವನ್ನು ಒಂದು ತೋಪನ್ನೂ ಹಾರಿಸದೆ ಹತೋಟಿಗೆ ತಂದನು. ಬೇಡರ ಮುಖಂಡರ ನಡುವೆ ಹೋಗಿ ಕುಳಿತು, ಅವರ ಮಾತನ್ನು ಕೇಳಿ, ಅವರಿಂದಲೇ ಶಾಂತಿಯ ವಚನ ಪಡೆದನು.

ಅಲ್ಲಿಂದ ಹನ್ನೆರಡು ವರ್ಷ. ಸಾಲ ತೀರುತ್ತ ಬಂದಿತು, ಜಮಾಬಂದಿ ಕ್ರಮಕ್ಕೆ ಬಂದಿತು. ಬೋನಾಳದ ಹಳೆಯ ಕೆರೆಯನ್ನು ಅವನು ದೊಡ್ಡದು ಮಾಡಿಸಿದನು. ಅದರಲ್ಲಿ ದೋಣಿ ಬಿಟ್ಟು ವಿಹರಿಸುವುದು ಅವನಿಗೆ ಪ್ರಿಯವಾದ ವಿನೋದವಾಗಿತ್ತು. ಆ ಕೆರೆ ಇಂದು ಪಕ್ಷಿಧಾಮ. ಚಳಿಗಾಲದಲ್ಲಿ ಅಲ್ಲಿಗೆ ದೂರದೇಶದ ಹಕ್ಕಿಗಳು ಬಂದಿಳಿಯುವುದನ್ನು ನಾನೂ ಹಲವು ಸಲ ವರದಿಮಾಡಿದ್ದೇನೆ. ಊರಿನ ಪಕ್ಕದ ಗುಡ್ಡದ ಮೇಲೆ ಅವನು ತನಗಾಗಿ ಕಟ್ಟಿಸಿಕೊಂಡ ಮನೆಯೇ ಟೇಲರ್ ಮಂಜಿಲ್. ಅವನ ಹೆಂಡತಿ ಮೇರಿ ೧೮೪೪ರಲ್ಲಿ ತೀರಿಕೊಂಡಳು. ಅವನು ಮರುಮದುವೆಯಾಗಲಿಲ್ಲ. ರಾತ್ರಿಯ ಹೊತ್ತು ದೂರದರ್ಶಕದಿಂದ ನಕ್ಷತ್ರಗಳನ್ನು ನೋಡುವುದು, ಚಿತ್ರ ಬರೆಯುವುದು, ಗಿಡ ನೆಡಿಸುವುದು, ಕಾಗದ ಬರೆಯುವುದು, ಇವು ಆ ಒಂಟಿತನದ ಸಂಗಾತಿಗಳಾದವು.

ಆ ಕಾಗದಗಳ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಸುರಪುರದಿಂದ ಓಟದ ಟಪಾಲಿನವರ ಕೈಯಲ್ಲಿ ಹೊರಟ ಲಕೋಟೆ ಮುಂಬಯಿ ಸೇರಿ, ಉಗಿಹಡಗನ್ನೇರಿ, ಸೂಯೆಜ್ಜಿನಲ್ಲಿ ಇಳಿದು, ಈಜಿಪ್ತಿನ ಮರಳನ್ನು ದಾಟಿ, ಮತ್ತೆ ಹಡಗನ್ನೇರಿ ಲಂಡನ್ ಮುಟ್ಟಬೇಕು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಸುದ್ದಿ ಅಚ್ಚಾಗಿ ಆ ಪತ್ರಿಕೆ ಮರಳಿ ಸುರಪುರಕ್ಕೆ ಬರುವಷ್ಟರಲ್ಲಿ ಒಂದು ಬೆಳೆ ಕೊಯ್ಲಾಗುತ್ತಿತ್ತು. ಆ ಹದಿಮೂರು ವರ್ಷಗಳೆಂದರೆ ಕಾಬೂಲಿನಿಂದ ಇಂಗ್ಲಿಷರ ಸೈನ್ಯ ಹಿಮ್ಮೆಟ್ಟಿ ನಾಶವಾದ, ಸಿಂಧ್ ಪ್ರಾಂತ ಅವರ ಕೈಸೇರಿದ, ಸಿಖ್ಖರೊಡನೆ ಎರಡು ಯುದ್ಧಗಳು ನಡೆದ ಕಾಲ. ಲಂಡನ್ನಿನ ಓದುಗರಿಗೆ ಬೇಕಾದುದು ಉತ್ತರದ ಆ ಸಮರವಾರ್ತೆ; ಬರೆಯುವವನ ಬಾಗಿಲಲ್ಲಿ ನಿಂತಿದ್ದುದು ಸುರಪುರದ ರೈತ. ಇಂದಿನ ನೀತಿಗೆ ಒಪ್ಪದ ಸಂಗತಿಯೊಂದಿದೆ: ಒಂದು ಸಂಸ್ಥಾನವನ್ನು ಆಳುವ ಅಧಿಕಾರಿಯೇ ಪತ್ರಿಕೆಯ ಬಾತ್ಮೀದಾರನೂ ಆಗಿದ್ದುದು. ತಾನೇ ತೀರ್ಪು ಕೊಟ್ಟು ತಾನೇ ವರದಿ ಬರೆದಂತೆ. ಈ ಕಾರಣದಿಂದಲೇ, ಅವನ ಬರಹದಲ್ಲಿ ಅವನನ್ನೇ ಕುರಿತು ಬಂದ ಹೊಗಳಿಕೆಯನ್ನು ನಾನು ಸ್ವಲ್ಪ ತೂಗಿಯೇ ತೆಗೆದುಕೊಳ್ಳುತ್ತೇನೆ.

ಅವನು ತೂಗದೆ ತೆಗೆದುಕೊಳ್ಳಬಹುದಾದ ಕೆಲಸವನ್ನೂ ಮಾಡಿದನು. ಸುರಪುರ ಸೀಮೆಯ ಹೊಲ-ಗುಡ್ಡಗಳಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಮನೆಗಳಿವೆ. ಜನರು ಅವುಗಳನ್ನು ಕುಳ್ಳರಾದ ಮೋರ್ಯರೆಂಬವರ ಮನೆಗಳೆಂದು ಕರೆಯುತ್ತಾರೆ. ರಾಜನಕೋಳೂರಿನ ಈ ಕಲ್ಮನೆಗಳನ್ನೂ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ಟೇಲರನು ಅಳೆದು ಚಿತ್ರ ಬರೆದನು. ಜೇವರ್ಗಿಯ ಬಳಿಯ ಕಲ್ಗುಪ್ಪೆಗಳನ್ನು ಅಗೆಯಿಸಿ ಒಳಗಿನ ಅಸ್ಥಿಗಳನ್ನೂ ಮಡಕೆಗಳನ್ನೂ ಪದರಪದರವಾಗಿ ದಾಖಲೆ ಮಾಡಿದನು. ಇವುಗಳಿಗೂ ಯೂರೋಪಿನ ಇಂಥ ಕಲ್ಲುಗಳಿಗೂ ಒಂದೇ ಜನಾಂಗ ಮೂಲವೆಂದು ಅವನು ತರ್ಕಿಸಿದ್ದು ಇಂದು ನಿಲ್ಲುವುದಿಲ್ಲ. ಆದರೆ ಸಮಾಧಿಯನ್ನು ನಿಧಿಗಾಗಿ ಅಗೆಯುತ್ತಿದ್ದ ಕಾಲದಲ್ಲಿ ಅವನು ಅದನ್ನು ತಿಳಿವಿಗಾಗಿ, ಅಡ್ಡಕೊಯ್ತದ ನಕ್ಷೆ ತೆಗೆದು, ಅಗೆದನೆಂಬುದನ್ನು ನಮ್ಮ ಪುರಾತತ್ವಜ್ಞರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ವರದಿಗಾರನ ಗುಣವೆಂದರೆ ಇದೇ. ಅಭಿಪ್ರಾಯ ಹಳಸಿದರೂ ಕಂಡದ್ದು ಹಳಸುವುದಿಲ್ಲ.

ಇಷ್ಟರಲ್ಲಿ ಬಾಲಕ ವೆಂಕಟಪ್ಪನು ಯುವಕನಾದನು. ಅವನು ಟೇಲರನನ್ನು ಅಪ್ಪ ಎಂದೇ ಕರೆಯುತ್ತಿದ್ದನು. ನಮ್ಮ ಕಡೆ ಅಪ್ಪ ಎಂಬ ಶಬ್ದ ಹಿರಿಯರೆಲ್ಲರಿಗೂ ಸಲ್ಲುತ್ತದೆ, ನಿಜ. ಆದರೆ ತಂದೆಯನ್ನು ಕಳೆದುಕೊಂಡ ಹುಡುಗನ ಬಾಯಲ್ಲಿ ಅದಕ್ಕೆ ಬೇರೆ ತೂಕವಿರುತ್ತದೆ. ೧೮೫೩ರಲ್ಲಿ ಸಂಸ್ಥಾನವನ್ನು ಅವನ ಕೈಗೊಪ್ಪಿಸಿ ಟೇಲರನು ಹೊರಟನು. ಅದೇ ವರ್ಷ ನಿಜಾಮನು ಸಾಲದ ಬಾಬ್ತು ವರ್ಹಾಡ, ನಳದುರ್ಗದ ಸೀಮೆ, ನಮ್ಮ ರಾಯಚೂರು ದೋಆಬು ಇವುಗಳನ್ನು ಕಂಪನಿಯ ಆಡಳಿತಕ್ಕೆ ಬಿಟ್ಟುಕೊಟ್ಟಿದ್ದನು. ಟೇಲರನಿಗೆ ನಳದುರ್ಗ ಬಂದಿತು. ಅಲ್ಲಿಯ ರೈತರ ಬಾಯಲ್ಲಿ ಮೆಡೋಸ್ ಎಂಬುದು ಮಹಾದೇವ ಎಂದಾಗಿ, ಅವನು ಮಹಾದೇವ ಬಾಬಾ ಆದನು. ಟೈಮ್ಸ್ ಪತ್ರಿಕೆಯ ಬಾತ್ಮೀದಾರಿಕೆಯೂ ಆ ವರ್ಷವೇ ಮುಗಿಯಿತು. ಸುರಪುರವನ್ನು ಬಿಟ್ಟಮೇಲೆ ಅವನು ಪತ್ರಿಕೆಗೆ ಬರೆಯಲಿಲ್ಲವೆಂಬುದನ್ನು ಕಾಕತಾಳೀಯವೆಂದು ಬೇಕಾದರೆ ಹೇಳಬಹುದು, ನನಗೇನೋ ಹಾಗೆನ್ನಿಸುವುದಿಲ್ಲ.

ಇನ್ನು ಮುಂದಿನದನ್ನು ಬರೆಯುವುದು ಸುಲಭವಲ್ಲ. ೧೮೫೭ರಲ್ಲಿ ಉತ್ತರದಲ್ಲಿ ದಂಗೆ ಎದ್ದಾಗ ಟೇಲರನು ವರ್ಹಾಡದ ಬುಲ್ಡಾಣದಲ್ಲಿದ್ದನು. ಸುರಪುರದಲ್ಲಿ ವೆಂಕಟಪ್ಪ ನಾಯಕನು ಅರಬರನ್ನೂ ರೋಹಿಲ್ಲರನ್ನೂ ಕೂಡಿಸುತ್ತಿದ್ದಾನೆಂಬ ವರ್ತಮಾನ ಹಬ್ಬಿತು. ೧೮೫೮ರ ಫೆಬ್ರವರಿಯಲ್ಲಿ ನಮ್ಮ ಲಿಂಗಸುಗೂರಿನ ಛಾವಣಿಯಿಂದಲೇ ಕ್ಯಾಪ್ಟನ್ ವಿಂಡಮನ ಪಡೆ ಕೃಷ್ಣೆಯನ್ನು ದಾಟಿ ಸುರಪುರಕ್ಕೆ ಹೋಯಿತು. ಕಾಳಗದಲ್ಲಿ ನ್ಯೂಬೆರಿ ಎಂಬ ಆಂಗ್ಲ ಅಧಿಕಾರಿ ಮಡಿದನು. ಕರ್ನಲ್ ಮಾಲ್ಕಮ್ಮನ ಸೈನ್ಯವೂ ಬರುತ್ತಿರುವುದನ್ನು ತಿಳಿದು ನಾಯಕನು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಯಾದನು. ಅವನನ್ನು ಮಾತಾಡಿಸಲು ಅಧಿಕಾರಿಗಳು ಟೇಲರನನ್ನೇ ಕರೆತಂದರು. ಸೆರೆಮನೆಯಲ್ಲಿ ಹುಡುಗ ಅಪ್ಪನನ್ನು ಅಪ್ಪಿಕೊಂಡು ಅತ್ತನೆಂದೂ, ತನ್ನನ್ನು ಪ್ರೇರೇಪಿಸಿದವರ ಹೆಸರುಗಳನ್ನು ಹೇಳಲು ಮಾತ್ರ ಒಪ್ಪಲಿಲ್ಲವೆಂದೂ, ಕೊಲ್ಲುವುದಾದರೆ ನೇಣಿಗೆ ಹಾಕಬಾರದು, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ಬೇಡಿದನೆಂದೂ ಟೇಲರನು ಬರೆದಿದ್ದಾನೆ. ಮರಣದಂಡನೆ ವಿಧಿಸಲ್ಪಟ್ಟು, ಅದು ದ್ವೀಪಾಂತರವಾಗಿ, ಗವರ್ನರ್ ಜನರಲನಿಂದ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಮದರಾಸಿನ ಬಳಿಯ ಚೆಂಗಲ್‌ಪಟ್ಟಿಗೆ ಒಯ್ಯುತ್ತಿದ್ದಾಗ ದಾರಿಯ ಬಿಡಾರದಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ನಾಯಕನು ಸತ್ತನು. ಕೈಯಾರೆ ಹಾರಿಸಿಕೊಂಡದ್ದೋ, ಆಕಸ್ಮಿಕವೋ ಎಂಬುದು ತೀರ್ಮಾನವಾಗಲಿಲ್ಲ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಅವನಿಗೆ ಗಂಡಾಂತರವಿದೆಯೆಂದು ಜಾತಕದಲ್ಲಿ ಬರೆದಿದ್ದುದನ್ನು ತಾನು ಬಹಳ ಹಿಂದೆಯೇ ಕೇಳಿದ್ದೆನೆಂದು ಟೇಲರನು ಸ್ಮರಿಸುತ್ತಾನೆ. ಜೋತಿಷ್ಯದ ಮಾತು ಹಾಗಿರಲಿ; ಅಷ್ಟು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನಲ್ಲ, ಅದು ಅಧಿಕಾರಿಯ ನೆನಪಲ್ಲ.

ಈ ಭಾಗವನ್ನು ಮೊದಲ ಸಲ ಓದಿದ ವಾರವೇ ನಾನು ಸಿಂಧನೂರಿನಿಂದ ಹೊರಟು, ಮಸ್ಕಿ ಲಿಂಗಸುಗೂರುಗಳನ್ನು ದಾಟಿ, ತಿಂಥಣಿಯಲ್ಲಿ ಮೌನೇಶ್ವರನಿಗೆ ಕೈಮುಗಿದು ಸುರಪುರಕ್ಕೆ ಹೋದೆನು. ಬಸ್‌ನಿಲ್ದಾಣದ ಬಳಿ ಹಿರಿಯರೊಬ್ಬರನ್ನು ಟೇಲರ್ ಮಂಜಿಲಿಗೆ ದಾರಿ ಕೇಳಿದೆನು. ಅವರು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ಮಂಜಿಲು ಎಲ್ಲಿಗೂ ಓಡಿಹೋಗುವುದಿಲ್ಲ ತಮ್ಮಾ, ಮೊದಲು ಅರಮನೆಯ ಕಡೆ ಬಾ ಎಂದು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವರು ಹೇಳಿದ್ದು ವೆಂಕಟಪ್ಪ ನಾಯಕರ ಕಥೆ. ಅವರ ಮಾತಿನಲ್ಲಿ ನಾಯಕರು ಯಾರ ಪ್ರೇರಣೆಗೂ ಬಲಿಯಾದ ಹುಡುಗನಲ್ಲ. ತನ್ನ ನೆಲಕ್ಕಾಗಿ ಎದ್ದ ದೊರೆ. ಸಾಹೇಬ ಒಳ್ಳೆಯವನೇ, ಆದರೆ ಅವನು ಸಾಕಿದ್ದು ಯಾರಿಗಾಗಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆ ಅವರೇ ನನ್ನನ್ನು ಗುಡ್ಡ ಹತ್ತಿಸಿದರು. ಮಂಜಿಲಿನ ಮುಂದೆ ನಿಂತರೆ ಕೆಳಗೆ ಊರೂ ಅದನ್ನು ಸುತ್ತಿದ ಬಂಡೆಗುಡ್ಡಗಳೂ ಕಾಣುತ್ತವೆ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮನೆ ಕಟ್ಟಲು ಜಾಗ ಆರಿಸುವುದು ಅವನಿಗೆ ಗೊತ್ತಿತ್ತು ಎಂದಷ್ಟೇ ಕೊನೆಗೆ ಹಿರಿಯರು ಹೇಳಿದರು.

ನನ್ನ ಒಂದು ತಪ್ಪು ಆಗ ನೆನಪಾಯಿತು. ವರ್ಷಗಳ ಹಿಂದೆ ಕಾಲುವೆಯ ಕೊನೆಯಂಚಿನ ಹಳ್ಳಿಯೊಂದರ ನೀರಿನ ತಂಟೆಯನ್ನು ಕುರಿತು ನಾನು ಕಳುಹಿಸಿದ ವರದಿಯಲ್ಲಿ ಒಂದು ಪಕ್ಷದ ಮಾತಷ್ಟೇ ಅಚ್ಚಾಯಿತು. ಜಾಗ ಸಾಲದೆಂದು ಉಳಿದರ್ಧವನ್ನು ಕತ್ತರಿಸಿದ್ದರು. ಆದರೆ ನಾನು ಬರೆಯುವಾಗಲೇ ಬೇಕಾದವರ ಮಾತನ್ನು ಮೇಲಿಟ್ಟು ಬೇಡದವರ ಮಾತನ್ನು ಕೆಳಗಿಟ್ಟಿದ್ದೆನೆಂಬುದು ನನಗೆ ಗೊತ್ತಿತ್ತು. ನನಗೆ ಮೊದಲ ವರ್ಷ ರೊಟ್ಟಿ ಹಾಕಿ ಸಾಕಿದ್ದ ಮನೆಯವರು ಆ ಕೆಳಗಿನ ಪಕ್ಷದವರು. ಅವರು ಜಗಳವಾಡಲಿಲ್ಲ. ಎರಡು ವರ್ಷ ಬಜಾರಿನಲ್ಲಿ ಎದುರಾದಾಗ ಮುಖ ತಿರುಗಿಸಿದರು, ಅಷ್ಟೆ. ಊರನ್ನು ಪ್ರೀತಿಸುವುದು ಬೇರೆ, ಊರಿನ ಪರವಾಗಿ ನಿಲ್ಲುವುದು ಬೇರೆ. ಅಷ್ಟು ಪ್ರೀತಿಸಿದ ಟೇಲರನಿಗೆ ಎರಡನೆಯದು ಸಾಧ್ಯವಿರಲಿಲ್ಲ. ಅವನ ಅನ್ನ ಬೇರೆಡೆಯಿಂದ ಬರುತ್ತಿತ್ತು. ಇದನ್ನು ನಾನು ಅವನ ಮೇಲೆ ಹೊರಿಸುವ ಆಪಾದನೆಯೆಂದು ತಿಳಿಯಬಾರದು.

ನಾಯಕನ ಸೆರೆಯಾದ ಮೇಲೆ, ೧೮೫೮ರಲ್ಲಿ, ಸುರಪುರವನ್ನು ಆಳಲು ಮತ್ತೆ ಟೇಲರನನ್ನೇ ಕಳುಹಿಸಿದರು. ದಾರಿಯುದ್ದಕ್ಕೂ ಜನರು ನೆರೆದು ಎದುರುಗೊಂಡರೆಂದು ಅವನು ವರ್ಣಿಸಿದ್ದಾನೆ. ಎದುರುಗೊಳ್ಳಲು ಬಂದವರನ್ನು ಬರೆಯುವುದು ಸುಲಭ. ಮನೆಯ ಬಾಗಿಲು ಹಾಕಿ ಒಳಗೆ ಕುಳಿತವರು ವರದಿಯಲ್ಲಿ ಬರುವುದಿಲ್ಲ. ಆದರೂ ಬಂದವರು ಬಂದದ್ದು ಸುಳ್ಳಲ್ಲವೆಂದೇ ನನ್ನ ನಂಬಿಕೆ. ಎರಡು ವರ್ಷದಲ್ಲಿ ಅವನ ಆರೋಗ್ಯ ಕೆಟ್ಟಿತು. ೧೮೬೦ರಲ್ಲಿ ಅವನು ದೇಶವನ್ನು ಬಿಟ್ಟನು. ಅದೇ ವರ್ಷ ಆಂಗ್ಲರು ರಾಯಚೂರು ದೋಆಬನ್ನು ನಿಜಾಮನಿಗೆ ಹಿಂದಿರುಗಿಸಿದರು. ದಂಗೆಯ ಕಾಲದಲ್ಲಿ ಸಹಾಯಮಾಡಿದ್ದಕ್ಕೆ ಉಡುಗೊರೆಯಾಗಿ ಸುರಪುರವನ್ನೂ ಕೊಟ್ಟರು. ಔರಂಗಜೇಬನ ಕೈಗೆ ಸಿಕ್ಕದ ಸಂಸ್ಥಾನ ಒಂದು ಕಾಗದದ ಸಾಲಿನಲ್ಲಿ ಕೈಬದಲಾಯಿತು. ನಿಜಾಮನ ಆಡಳಿತದಲ್ಲಿ ಲಿಂಗಸುಗೂರು ಜಿಲ್ಲಾಕೇಂದ್ರವಾಗಿ, ಸುರಪುರವು ಅದರೊಳಗೊಂದು ತಾಲೂಕಾಗಿ, ೧೯೦೫ರಲ್ಲಿ ಆ ಜಿಲ್ಲೆಯೂ ಹೋಯಿತು. ಒಂದು ಕಾಲಕ್ಕೆ ಟೇಲರನ ಊರು ನಮ್ಮ ಜಿಲ್ಲೆಯದೇ ಆಗಿತ್ತೆಂದು ಲಿಂಗಸುಗೂರಿನ ಹೊಸ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಡಬ್ಲಿನ್ ನಗರದ ಹತ್ತಿರ ಹೆರಾಲ್ಡ್ಸ್ ಕ್ರಾಸ್ ಎಂಬಲ್ಲಿ ನೆಲಸಿ ಅವನು ಮತ್ತೆ ಲೇಖನಿ ಹಿಡಿದನು. ಶಿವಾಜಿಯ ಕಾಲದ ತಾರಾ, ಪ್ಲಾಸಿಯ ಕಾಲದ ರಾಲ್ಫ್ ಡಾರ್ನೆಲ್, ದಂಗೆಯ ಕಾಲದ ಸೀತಾ, ಹೀಗೆ ನೂರು ನೂರು ವರ್ಷಗಳ ಅಂತರದ ಮೂರು ಕಾದಂಬರಿಗಳು ೧೮೬೩ರಿಂದ ೧೮೭೨ರೊಳಗೆ ಬಂದವು. ಸೀತಾ ಕಾದಂಬರಿಯಲ್ಲಿ ಆಂಗ್ಲ ಅಧಿಕಾರಿಯು ಹಿಂದೂ ವಿಧವೆಯನ್ನು ವರಿಸುತ್ತಾನೆ. ದಂಗೆಯ ಕಹಿ ಇನ್ನೂ ಆರಿರದ ಇಂಗ್ಲೆಂಡಿನಲ್ಲಿ ಹಾಗೆ ಬರೆಯಲು ಎದೆ ಬೇಕಿತ್ತು. ವಿಜಾಪುರದ ಕಟ್ಟಡಗಳನ್ನೂ ಧಾರವಾಡ-ಮೈಸೂರು ಸೀಮೆಗಳ ದೇಗುಲಗಳನ್ನೂ ಕುರಿತ ಎರಡು ಚಿತ್ರಗ್ರಂಥಗಳಿಗೆ ಅವನು ಬರೆದ ವಿವರಣೆ ೧೮೬೬ರಲ್ಲಿ ಪ್ರಕಟವಾಯಿತು. ೧೮೬೯ರಲ್ಲಿ ಬಿರುದೂ ಬಂದಿತು. ಇವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನನ್ನ ಮನಸ್ಸು ಅವನ ಕಡೆಯ ಪಯಣದ ಮೇಲಿದೆ.

೧೮೭೫ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ, ಕಣ್ಣು ಮಂಜಾಗಿದ್ದ ಹೊತ್ತಿನಲ್ಲಿ, ಸಾಲಾರಜಂಗನ ಆಹ್ವಾನದ ಮೇಲೆ ಅವನು ಮತ್ತೆ ಹೈದರಾಬಾದಿಗೆ ಬಂದನು. ಜ್ವರ ಹಿಡಿಯಿತು, ದೃಷ್ಟಿ ಇನ್ನಷ್ಟು ಹೋಯಿತು. ವೈದ್ಯರು ಹಿಂದಕ್ಕೆ ಕಳುಹಿಸಿದರು. ಮನೆಯನ್ನು ಮುಟ್ಟಲಿಲ್ಲ, ೧೮೭೬ರ ಮೇ ೧೩ರಂದು ಫ್ರಾನ್ಸಿನ ಸಮುದ್ರತೀರದ ಮಾಂತೊಂ ಎಂಬ ಊರಿನಲ್ಲಿ ತೀರಿಕೊಂಡನು. ಮರುವರ್ಷ ಅವನ ಆತ್ಮಕಥೆಯನ್ನು ಮಗಳು ಆಲಿಸಳು ಅಚ್ಚುಮಾಡಿಸಿದಳು.

ಅದರ ಮರುವರ್ಷ, ೧೮೭೮ರಲ್ಲಿ, ಎ ನೋಬಲ್ ಕ್ವೀನ್ ಎಂಬ ಅವನ ಕೊನೆಯ ಕಾದಂಬರಿ ಹೊರಬಂದಿತು. ಅದರ ರಾಣಿ ಅಹಮದನಗರದ ಚಾಂದಬೀಬಿ. ಆದರೆ ಕಥೆ ತೆರೆಯುವುದು ಅಹಮದನಗರದಲ್ಲಲ್ಲ, ವಿಜಾಪುರದಲ್ಲಿಯೂ ಅಲ್ಲ. ಲಿಂಗಸುಗೂರು ತಾಲೂಕಿನ ಜಲದುರ್ಗದಲ್ಲಿ, ಕೃಷ್ಣೆಯ ಕವಲುಗಳು ಸುತ್ತುವರಿದ ನಡುಗಡ್ಡೆಯ ಕೋಟೆಯಲ್ಲಿ. ಅಲ್ಲಿಂದ ಅದು ಬೇಡರ ನಾಡಿಗೂ, ಪೋರ್ಚುಗೀಸ್ ಪಾದ್ರಿಗಳಿದ್ದ ಮುದಗಲ್ಲಿಗೂ ಸುಳಿದಾಡುತ್ತದೆ. ಐರ್ಲೆಂಡಿನ ಮಂಜಿನಲ್ಲಿ ಕುಳಿತು, ಕುಂದುತ್ತಿದ್ದ ಕಣ್ಣಿನಿಂದ ಅವನು ಬರೆದ ಆ ಹೊಳೆಯ ವರ್ಣನೆಯನ್ನು ಕೈಯಲ್ಲಿ ಹಿಡಿದುಕೊಂಡು ನಾನೊಮ್ಮೆ ಲಿಂಗಸುಗೂರಿನಿಂದ ಜಲದುರ್ಗಕ್ಕೆ ಹೋಗಿದ್ದೆನು. ಮಳೆಗಾಲ ಹಿಂದಾಗಿತ್ತು. ಕೋಟೆಯ ಬುರುಜಿನ ಮೇಲೆ ಕುರಿಕಾಯುವ ಹುಡುಗನೊಬ್ಬ ಕುಳಿತಿದ್ದನು. ಏನು ಓದುತ್ತೀರಿ ಅಜ್ಜಾ ಎಂದು ಕೇಳಿದನು. ನಿಮ್ಮೂರ ಸುದ್ದಿ ಎಂದೆನು. ಯಾರು ಬರೆದದ್ದು ಎಂದನು. ನಾನು ಹೆಸರು ಹೇಳಿದೆನು.